ರೋಗಿಯ ಮುಂದೆ ವೈದ್ಯ, ವೈದ್ಯನ ಹಿಂದೆ ಹಣ



ಇಂದಿನ ವೈದ್ಯರ ಮುಂದಿರುವ ಸಮಸ್ಯೆಗಳ ಬಗ್ಗೆ ಮಾತಾಡಿ ಎಂದು ಸಂಘಟಕರು ಹೇಳಿದಾಗ, ವಿಷಯವನ್ನು ಮೂರು ಪಾಲು ಮಾಡಿಕೊಳ್ಳುವ ದಾರಿ ನನ್ನ ಮುಂದಿತ್ತು. ಚಿಕಿತ್ಸೆಯ ಪ್ರಶ್ನೆ, ನೀತಿಯ ಪ್ರಶ್ನೆ, ವ್ಯವಹಾರದ ಪ್ರಶ್ನೆ. ನಮ್ಮ ಸಮ್ಮೇಳನಗಳಲ್ಲಿ ನಡೆಯುವುದೂ ಹಾಗೆಯೇ. ಬೆಳಗಿನ ಗೋಷ್ಠಿಗಳೆಲ್ಲ ಚಿಕಿತ್ಸೆಗೆ ಮೀಸಲು. ನೀತಿಯ ಗೋಷ್ಠಿ ಊಟವಾದ ಮೇಲೆ, ಅರ್ಧ ಖಾಲಿಯಾದ ಸಭಾಂಗಣದಲ್ಲಿ. ವ್ಯವಹಾರದ ಮಾತು ವೇದಿಕೆ ಹತ್ತುವುದೇ ಇಲ್ಲ, ಹೊರಗೆ ಕಾಫಿ ಕುಡಿಯುತ್ತ ನಿಂತಾಗ ಅದು ನಡೆಯುತ್ತದೆ. ಓಪಿಡಿಯಲ್ಲಿ ಕೂತವನಿಗೆ ಈ ಸೌಕರ್ಯವಿಲ್ಲ. ಅಲ್ಲಿ ಮೂರೂ ಪ್ರಶ್ನೆಗಳು ಒಬ್ಬನೇ ರೋಗಿಯ ಜೊತೆ ಒಂದೇ ಗಳಿಗೆಯಲ್ಲಿ ಒಳಗೆ ಬರುತ್ತವೆ. ಆದ್ದರಿಂದ ನಾನೂ ಅವನ್ನು ಬೇರೆ ಮಾಡದೆಯೇ ಮಾತಾಡುತ್ತೇನೆ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಬರೆದುಕೊಡುವ ಪರೀಕ್ಷೆ, ಔಷಧ, ಆಪರೇಷನ್‌ಗಳ ಸಂಖ್ಯೆಯ ಮೇಲೆ ವೈದ್ಯನ ಸಂಪಾದನೆ ನಿಂತಿರುವವರೆಗೂ, ರೋಗಿ ಅವನ ಒಳ್ಳೆಯತನವೊಂದನ್ನೇ ನಂಬಿ ಆಸ್ಪತ್ರೆಯ ಮೆಟ್ಟಿಲು ಹತ್ತಬೇಕು. ಇದು ರೋಗಿಗೆ ಮಾಡುವ ಅನ್ಯಾಯ, ವೈದ್ಯನಿಗೆ ಮಾಡುವ ಅನ್ಯಾಯವೂ ಹೌದು.

ಕಲಬುರಗಿಯಿಂದ ಶುರುಮಾಡುತ್ತೇನೆ. 2015ರಲ್ಲಿ ಆ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು ಬೀದಿಗಿಳಿದರು. ಹೊಟ್ಟೆನೋವು, ಸೊಂಟನೋವು, ಬಿಳಿಸೆರಗು ಎಂದು ಖಾಸಗಿ ಆಸ್ಪತ್ರೆಗೆ ಹೋದ ತಮ್ಮ ಗರ್ಭಕೋಶವನ್ನೇ ತೆಗೆದುಹಾಕಿದ್ದಾರೆ ಎನ್ನುವುದು ಅವರ ದೂರು. ಅವರಲ್ಲಿ ನಲವತ್ತು ದಾಟದವರೇ ಬಹಳ ಮಂದಿ. ವಿಚಾರಣೆ ನಡೆಯಿತು, ಕೆಲವು ಆಸ್ಪತ್ರೆಗಳ ಮೇಲೆ ಕ್ರಮವೂ ಆಯಿತು. ನಮ್ಮ ವೃತ್ತಿಯವರು ಆ ಸುದ್ದಿಯನ್ನು ಓದಿ, ಎಲ್ಲೋ ಕೆಲವರು ಕೆಟ್ಟವರಿದ್ದರು, ಸಿಕ್ಕಿಬಿದ್ದರು ಎಂದು ಪುಟ ತಿರುಗಿಸಿದೆವು. ಅಲ್ಲಿ ನಡೆದದ್ದನ್ನು ಒಂದೊಂದೇ ಹೆಜ್ಜೆಯಾಗಿ ನೋಡಬೇಕಿತ್ತು.

ಇಂಥ ಕತೆಗಳೆಲ್ಲ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಸಾಗುತ್ತವೆ. ಬಿಳಿಸೆರಗು ಬಹುಪಾಲು ಸಂದರ್ಭದಲ್ಲಿ ಸೋಂಕಿನಿಂದ ಆಗುವಂಥದ್ದು. ಸ್ಪೆಕ್ಯುಲಮ್ ಇಟ್ಟು ನೋಡಿ, ಸರಿಯಾದ ಮಾತ್ರೆಯನ್ನು ಗಂಡಹೆಂಡಿರಿಬ್ಬರಿಗೂ ಕೊಟ್ಟರೆ ಹಲವು ಪ್ರಕರಣಗಳು ಅಲ್ಲಿಗೇ ಮುಗಿಯುತ್ತವೆ. ಗರ್ಭಕಂಠದ ಕ್ಯಾನ್ಸರಿನ ಸಂಶಯವಿದ್ದರೆ ಪ್ಯಾಪ್ ಪರೀಕ್ಷೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲೂ ಅಸಿಟಿಕ್ ಆಮ್ಲ ಹಚ್ಚಿ ನೋಡಬಹುದು. ಮುಟ್ಟಿನ ಸ್ರಾವ ಹೆಚ್ಚಾಗಿದ್ದರೆ ಟ್ರಾನೆಕ್ಸಾಮಿಕ್ ಆಮ್ಲವಿದೆ, ಹಾರ್ಮೋನು ಮಾತ್ರೆಗಳಿವೆ, ಹಾರ್ಮೋನು ಬಿಡುಗಡೆ ಮಾಡುವ ವಂಕಿಯಿದೆ. ಆಪರೇಷನ್ ಇವೆಲ್ಲ ಸೋತ ಮೇಲಿನ ಮಾತು. ಆದರೆ ಆ ಹೆಣ್ಣುಮಗಳ ಕೈಗೆ ಮೊದಲು ಬರುವುದು ಸ್ಕ್ಯಾನಿಂಗ್ ರಿಪೋರ್ಟು. ಗರ್ಭಕೋಶ ತುಸು ದಪ್ಪವಾಗಿದೆ, ಸಣ್ಣ ಗಡ್ಡೆಯಿದೆ ಎಂದು ಅದರಲ್ಲಿ ಬರೆದಿರುತ್ತದೆ. ಅದರ ಹಿಂದೆಯೇ ಕ್ಯಾನ್ಸರ್ ಎಂಬ ಮಾತು ಬೀಳುತ್ತದೆ. ಮಕ್ಕಳಾಗಿವೆ, ಇನ್ನು ಆ ಚೀಲ ಯಾತಕ್ಕೆ ಎಂಬ ಮಾತು ಮನೆಯೊಳಗಿಂದಲೇ ಬರುತ್ತದೆ. ಕೂಲಿ ಬಿಟ್ಟು ಮತ್ತೆ ಮತ್ತೆ ಆಸ್ಪತ್ರೆಗೆ ಬರಲಾಗದ ಹೆಂಗಸಿಗೆ, ಒಂದೇ ಸಲಕ್ಕೆ ಮುಗಿದುಹೋಗುತ್ತದೆ ಎನ್ನುವ ಭರವಸೆ ದೊಡ್ಡದಾಗಿ ಕಾಣುತ್ತದೆ. ದುಡ್ಡಿಗೆ ಸಾಲ ಹುಟ್ಟುತ್ತದೆ, ಇಲ್ಲದಿದ್ದರೆ ಕಿವಿಯ ಓಲೆ ಹೋಗುತ್ತದೆ.

ಮುಂದಿನದನ್ನು ಆಕೆಗೆ ಯಾರೂ ಹೇಳಿರುವುದಿಲ್ಲ. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಮೂವತ್ತೆರಡರ ಹೆಣ್ಣು ರಾತ್ರೋರಾತ್ರಿ ಐವತ್ತರ ದೇಹಸ್ಥಿತಿಗೆ ಹೋಗುತ್ತಾಳೆ. ಮೂಳೆ ಸವೆಯುತ್ತದೆ, ಹೃದಯದ ಕಾಯಿಲೆಯ ಅಪಾಯ ಏರುತ್ತದೆ, ಮೈಯೆಲ್ಲ ಉರಿ, ನಿದ್ದೆಯಿಲ್ಲ. ಅಂಡಾಶಯ ಉಳಿಸಿದರೂ ಮುಟ್ಟು ನಿಲ್ಲುವ ವಯಸ್ಸಿನ ಬದಲಾವಣೆಗಳು ಬೇಗ ಬರುವ ಸಾಧ್ಯತೆ ಇರುತ್ತದೆ. ಸೊಂಟನೋವೆಂದು ಹೋದವಳು ಹೆಚ್ಚಿನ ಸೊಂಟನೋವು ಹೊತ್ತು ಹೊಲಕ್ಕೆ ಮರಳುತ್ತಾಳೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ದೇಶದಲ್ಲಿ ಗರ್ಭಕೋಶ ತೆಗೆಸಿಕೊಂಡವರಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿಗೆ ಆ ಆಪರೇಷನ್ ಆಗಿರುವುದು ಖಾಸಗಿ ಆಸ್ಪತ್ರೆಗಳಲ್ಲಿ. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಎಲ್ಲ ರಾಜ್ಯಗಳಿಗೆ ಆದೇಶಿಸಿತು. ವೈದ್ಯಸಂಘಗಳು ತಾವಾಗಿಯೇ ಮಾಡಬೇಕಿದ್ದ ಕೆಲಸಕ್ಕೆ ನ್ಯಾಯಾಲಯದ ಆದೇಶ ಬೇಕಾಯಿತು ಎನ್ನುವುದು ನನ್ನನ್ನು ಇವತ್ತಿಗೂ ಕೊರೆಯುತ್ತದೆ.

ಈ ಆಪರೇಷನ್ ಮಾಡಿದವರೆಲ್ಲ ದುಷ್ಟರೆಂದು ನಾನು ನಂಬುವುದಿಲ್ಲ. ಕಷ್ಟವಿರುವುದು ಅಲ್ಲೇ. ದುಷ್ಟರಾಗಿದ್ದರೆ ಹುಡುಕಿ ಹಿಡಿಯಬಹುದಿತ್ತು. ಅವರಲ್ಲಿ ಅನೇಕರು ಸಾಮಾನ್ಯ ವೈದ್ಯರು. ಬ್ಯಾಂಕಿನ ಸಾಲ ಮಾಡಿ ನರ್ಸಿಂಗ್ ಹೋಮ್ ಕಟ್ಟಿದವರು, ಸ್ಕ್ಯಾನಿಂಗ್ ಯಂತ್ರದ ಕಂತು ಕಟ್ಟುತ್ತಿರುವವರು. ಹತ್ತು ಹಾಸಿಗೆಯ ಆಸ್ಪತ್ರೆಯಲ್ಲಿ ತಿಂಗಳಿಗೆ ಇಷ್ಟು ಆಪರೇಷನ್ ಆಗದಿದ್ದರೆ ನರ್ಸುಗಳ ಸಂಬಳ ಹೊರಡುವುದಿಲ್ಲ ಎಂಬ ಲೆಕ್ಕ ತಲೆಯಲ್ಲಿ ಕೂತಿರುವಾಗ, ಮಾಡಲೂಬಹುದು ಬಿಡಲೂಬಹುದು ಎನ್ನುವಂಥ ಪ್ರಕರಣ ಎದುರಿಗೆ ಬಂದರೆ ಮನಸ್ಸು ಯಾವ ಕಡೆ ವಾಲುತ್ತದೆ? ಆತ ಸುಳ್ಳು ಹೇಳುತ್ತಿದ್ದೇನೆಂದು ತಿಳಿದು ಹೇಳುವುದಿಲ್ಲ. ಹೇಳುತ್ತ ಹೇಳುತ್ತ ಅದನ್ನೇ ನಂಬುತ್ತಾನೆ. ವೈದ್ಯಶಾಸ್ತ್ರದಲ್ಲಿ ಇಂಥ ಎರಡೂ ಕಡೆ ವಾಲಬಲ್ಲ ಪ್ರಕರಣಗಳೇ ಹೆಚ್ಚು. ಹಣ ತನ್ನ ಕೆಲಸ ಮಾಡುವುದು ಅಲ್ಲಿ.

ಸಿಸೇರಿಯನ್ ಹೆರಿಗೆಯ ಅಂಕಿಗಳನ್ನು ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಹೆರಿಗೆಗಳಲ್ಲಿ ಶೇ. 21.5ರಷ್ಟು ಸಿಸೇರಿಯನ್. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಶೇ. 14.3, ಖಾಸಗಿಯಲ್ಲಿ ಶೇ. 47.4. ಖಾಸಗಿ ಆಸ್ಪತ್ರೆಗೆ ಹೋಗುವ ಬಸುರಿಯರ ವಯಸ್ಸು, ತೂಕ, ಹಿಂದಿನ ಸಿಸೇರಿಯನ್, ಅವರದೇ ಆಯ್ಕೆ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಆದರೂ ಮೂರು ಪಟ್ಟು ವ್ಯತ್ಯಾಸಕ್ಕೆ ಪ್ರಸೂತಿಶಾಸ್ತ್ರದಲ್ಲಿ ಪೂರ್ತಿ ವಿವರಣೆ ಸಿಗುವುದಿಲ್ಲ. ಸಹಜ ಹೆರಿಗೆಗೆ ರಾತ್ರಿಯೆಲ್ಲ ಕಾಯಬೇಕು. ಏನಾದರೂ ಹೆಚ್ಚುಕಡಿಮೆಯಾದರೆ, ಯಾಕೆ ಆಪರೇಷನ್ ಮಾಡಲಿಲ್ಲ ಎಂದು ಕೇಳುತ್ತಾರೆಯೇ ಹೊರತು ಯಾಕೆ ಮಾಡಿದಿರಿ ಎಂದು ಯಾರೂ ಕೇಳುವುದಿಲ್ಲ. 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವೈದ್ಯಸೇವೆಯನ್ನು ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿ ತಂದ ಮೇಲೆ ಕೋರ್ಟಿನ ಭಯವೂ ನಮ್ಮ ನಿರ್ಧಾರಗಳ ಜೊತೆ ಕೂತಿದೆ. ಆ ತೀರ್ಪು ಬೇಕಾಗಿತ್ತು, ಅದರಿಂದ ರೋಗಿಗೆ ಒಂದು ದನಿ ಬಂತು. ಆದರೆ ಭಯ ಮತ್ತು ಲಾಭ ಎರಡೂ ಹೆಚ್ಚು ಚಿಕಿತ್ಸೆಯ ದಿಕ್ಕಿಗೇ ತಳ್ಳುವಾಗ, ಕಡಿಮೆ ಚಿಕಿತ್ಸೆಯ ಪರವಾಗಿ ನಿಲ್ಲಲು ವೈದ್ಯನಿಗೆ ಅಸಾಧಾರಣ ಗಟ್ಟಿತನ ಬೇಕು.

ಹಣದ ಕತೆ ನರ್ಸಿಂಗ್ ಹೋಮಿನಿಂದ ಶುರುವಾಗುವುದಲ್ಲ. ಅದು ಕಾಲೇಜಿನ ಗೇಟಿನಿಂದ ಶುರುವಾಗುತ್ತದೆ. ಈ ವಿಷಯದಲ್ಲಿ ಕರ್ನಾಟಕಕ್ಕೆ ವಿಶೇಷ ಹೊಣೆಯಿದೆ. 1953ರಲ್ಲಿ ಮಣಿಪಾಲದಲ್ಲಿ ಟಿ.ಎಂ.ಎ. ಪೈ ಅವರು ಖಾಸಗಿ ವೈದ್ಯಕೀಯ ಕಾಲೇಜು ತೆರೆದಾಗ ಸರ್ಕಾರಕ್ಕೆ ಆಗದ ಕೆಲಸವೊಂದು ಸಮಾಜದ ಕೈಯಿಂದ ಆಯಿತು. ಮುಂದೆ ಅದೇ ದಾರಿಯಲ್ಲಿ ಹಲವಾರು ಕಾಲೇಜುಗಳು ಬಂದವು, ಡೊನೇಷನ್ ಎಂಬ ಪದ ಮನೆಮಾತಾಯಿತು. ಕ್ಯಾಪಿಟೇಷನ್ ಶುಲ್ಕ ನಿಷೇಧಿಸಲು ರಾಜ್ಯ 1984ರಲ್ಲೇ ಕಾಯ್ದೆ ತಂದಿತು. 1989ರ ಸರ್ಕಾರಿ ಅಧಿಸೂಚನೆಯಂತೆ ಖಾಸಗಿ ವೈದ್ಯಕೀಯ ಕಾಲೇಜಿನ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000. ಇದನ್ನು ಪ್ರಶ್ನಿಸಿ ಹೋದದ್ದೇ ಮೋಹಿನಿ ಜೈನ್ ಪ್ರಕರಣ. 1992ರಲ್ಲಿ ಸುಪ್ರೀಂ ಕೋರ್ಟ್ ಅಂಥ ಶುಲ್ಕ ಸಂವಿಧಾನಕ್ಕೆ ವಿರುದ್ಧ ಎಂದಿತು. ಅದರ ನಂತರದ ತೀರ್ಪುಗಳು ಆ ನಿಲುವನ್ನು ಸಡಿಲಿಸುತ್ತ ಬಂದವು. ಇವತ್ತು ಕೆಲವು ಖಾಸಗಿ ಸೀಟುಗಳಿಗೆ ಓದು ಮುಗಿಯುವಷ್ಟರಲ್ಲಿ ಆಗುವ ಖರ್ಚು ಕೋಟಿ ದಾಟುತ್ತದೆ. ಸ್ನಾತಕೋತ್ತರದ್ದು ಬೇರೆ. ಅಷ್ಟು ಹಣ ಹಾಕಿ ಮೂವತ್ತರ ಆಸುಪಾಸಿನಲ್ಲಿ ಹೊರಬರುವ ತರುಣ ತರುಣಿಯರಿಗೆ ನಾವು ನೀತಿಪಾಠ ಹೇಳುತ್ತೇವೆ. ಅವರು ಕೇಳಿಸಿಕೊಳ್ಳುತ್ತಾರೆ, ಸಾಲದ ಕಂತಿನ ದಿನವೂ ಅವರ ನೆನಪಿನಲ್ಲಿರುತ್ತದೆ.

ಹೊರಬಂದವರಿಗೆ ಎರಡು ದಾರಿ. ಸ್ವಂತ ಕ್ಲಿನಿಕ್ ತೆರೆದರೆ ನೋಂದಣಿ, ಅಗ್ನಿಶಾಮಕ, ಮಾಲಿನ್ಯ ನಿಯಂತ್ರಣ, ವೈದ್ಯಕೀಯ ತ್ಯಾಜ್ಯ ಎಂದು ಹತ್ತಾರು ಪರವಾನಗಿಗಳ ಹಿಂದೆ ಓಡಬೇಕು. ಕಾರ್ಪೊರೇಟ್ ಆಸ್ಪತ್ರೆ ಸೇರಿದರೆ ಓಡಾಟವಿಲ್ಲ, ಆದರೆ ತಿಂಗಳ ಕೊನೆಗೆ ಲೆಕ್ಕದ ಹಾಳೆ ಮೇಜಿಗೆ ಬರುತ್ತದೆ. ಎಷ್ಟು ಓಪಿಡಿ, ಅದರಲ್ಲಿ ಎಷ್ಟು ಅಡ್ಮಿಷನ್, ಎಷ್ಟು ಆಪರೇಷನ್. ಮೊದಲ ವರ್ಷ ಖಾತ್ರಿ ಮೊತ್ತ, ಆಮೇಲೆ ತಂದಷ್ಟಕ್ಕೆ ಪಾಲು ಎನ್ನುವ ಒಪ್ಪಂದಗಳು ಸಾಮಾನ್ಯವಾಗಿವೆ. ರೋಗಿಯನ್ನು ಕಳಿಸಿದವರಿಗೆ ಕಟ್ ಕೊಡುವ ಪದ್ಧತಿಯಂತೂ ಹಳೆಯದು. ಸ್ಕ್ಯಾನಿಂಗ್ ಸೆಂಟರಿನಿಂದ, ಲ್ಯಾಬಿನಿಂದ, ದೊಡ್ಡ ಆಸ್ಪತ್ರೆಯಿಂದ ಲಕೋಟೆ ಬರುತ್ತದೆ. 2002ರ ವೈದ್ಯಕೀಯ ನಡತೆಯ ನಿಯಮಗಳು ಇದನ್ನು ಸ್ಪಷ್ಟವಾಗಿ ನಿಷೇಧಿಸಿವೆ. ನಿಷೇಧವಿರುವುದು ಗೊತ್ತಿಲ್ಲದ ವೈದ್ಯ ಈ ಸಭೆಯಲ್ಲಿ ಒಬ್ಬರೂ ಇಲ್ಲ. ಲಕೋಟೆ ಮುಟ್ಟದ ವೈದ್ಯರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ, ನಾನು ಬಲ್ಲೆ. ಆದರೆ ನಾವು ತೆಗೆದುಕೊಳ್ಳದೆ ಬಿಟ್ಟ ಹಣ ರೋಗಿಯ ಬಿಲ್ಲಿನಿಂದ ಕಡಿತವಾಗುವುದಿಲ್ಲ, ಅದು ಲ್ಯಾಬಿನಲ್ಲೇ ಉಳಿಯುತ್ತದೆ. ಒಬ್ಬೊಬ್ಬರೇ ಶುದ್ಧವಾಗಿದ್ದರೆ ಸಾಲದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಡ.

ಔಷಧದ ವಿಷಯಕ್ಕೆ ಬರೋಣ. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮಗಳನ್ನು ಪ್ರಕಟಿಸಿ, ಬ್ರ್ಯಾಂಡ್ ಹೆಸರು ಬಿಟ್ಟು ಜೆನೆರಿಕ್ ಹೆಸರನ್ನೇ ಬರೆಯಬೇಕೆಂದಿತು. ವೈದ್ಯರಿಂದ ವಿರೋಧ ಬಂತು, ಅದೇ ತಿಂಗಳು ನಿಯಮಗಳನ್ನು ತಡೆಹಿಡಿಯಲಾಯಿತು, 2002ರ ನಿಯಮಗಳಿಗೇ ಮರಳಿದೆವು. ಜೆನೆರಿಕ್ ಎಂದರೆ ಬಡವರ ಔಷಧ, ಅದನ್ನು ವಿರೋಧಿಸುವವನು ಕಂಪನಿಯ ಮನುಷ್ಯ ಎಂದು ಆಗ ಪತ್ರಿಕೆಗಳಲ್ಲಿ ಬಂತು. ವಿಷಯ ಅಷ್ಟು ಸರಳವಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತರು. ಸರ್ಕಾರಿ ಸರಬರಾಜಿನ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಿತ್ತು, ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು. ರಿಂಗರ್ ಲ್ಯಾಕ್ಟೇಟ್ ಎಂದರೆ ಹೊಸ ಔಷಧವಲ್ಲ. ಉಪ್ಪುನೀರಿನಷ್ಟೇ ಸಾಮಾನ್ಯವಾದದ್ದು, ವೈದ್ಯ ಅದನ್ನು ಎರಡನೆಯ ಸಲ ಯೋಚಿಸದೆ ಹಚ್ಚುತ್ತಾನೆ. ಆ ಬಾಟಲಿಯನ್ನೇ ನಂಬದಂತಾದರೆ ಆಪರೇಷನ್ ಥಿಯೇಟರಿನಲ್ಲಿ ನಿಂತವನ ಗತಿಯೇನು?

ಆದ್ದರಿಂದ ನನ್ನ ನಿಲುವು ಹೀಗಿದೆ. ಜೆನೆರಿಕ್ ಹೆಸರೇ ಬರೆಯಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ಯಾವ ಕಂಪನಿಯ ಮಾತ್ರೆ ಎಂಬ ನಿರ್ಧಾರವನ್ನು ಅದು ವೈದ್ಯನ ಕೈಯಿಂದ ಔಷಧ ಅಂಗಡಿಯವನ ಕೈಗೆ ಹಾಕಿದರೆ ಪ್ರಯೋಜನವಿಲ್ಲ. ಅವನಿಗೂ ಲಾಭದ ಅಂಚು ಇರುವುದೇ. ಪ್ರತಿ ಬ್ಯಾಚನ್ನು ಪರೀಕ್ಷಿಸುವ ಲ್ಯಾಬುಗಳು, ಫಲಿತಾಂಶವನ್ನು ಎಲ್ಲರೂ ನೋಡುವಂತೆ ಪ್ರಕಟಿಸುವ ವ್ಯವಸ್ಥೆ, ಸಾಕಷ್ಟು ಔಷಧ ಪರಿವೀಕ್ಷಕರು ಮೊದಲು ಬರಲಿ. ಅಂದಮಾತ್ರಕ್ಕೆ ನಮ್ಮವರ ವಿರೋಧವೆಲ್ಲ ಗುಣಮಟ್ಟದ ಕಾಳಜಿಯಿಂದಲೇ ಬಂತೆಂದು ಹೇಳಿದರೆ ನನ್ನ ಮನಸ್ಸಾಕ್ಷಿ ಒಪ್ಪುವುದಿಲ್ಲ. ವೈದ್ಯರು ಔಷಧ ಕಂಪನಿಗಳಿಂದ ಉಡುಗೊರೆ, ಪ್ರವಾಸ ತೆಗೆದುಕೊಳ್ಳಬಾರದೆಂದು 2009ರಲ್ಲೇ ನಿಯಮ ಬಂದಿತ್ತು. ಕಂಪನಿಗಳು ವೈದ್ಯರಿಗೆ ಕೊಡುವ ಉಡುಗೊರೆಯ ಖರ್ಚನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಔಷಧ ಮಾರಾಟಕ್ಕೆ ಏಕರೂಪ ಸಂಹಿತೆ ತಂದಿತು. ಆದರೆ ದೂರು ಬಂದರೆ ಅದನ್ನು ವಿಚಾರಿಸುವುದು ಕಂಪನಿಗಳ ಸಂಘದೊಳಗಿನ ಸಮಿತಿಯೇ. ಹದಿನೈದು ವರ್ಷಗಳಲ್ಲಿ ಇಷ್ಟು ಬಾರಿ ಬರೆದೂ ಬರೆದೂ ನಿಲ್ಲದಿರುವುದನ್ನು ಸಂಹಿತೆಯೊಂದು ನಿಲ್ಲಿಸುತ್ತದೆಂದು ನಾನು ನಂಬಿಲ್ಲ. ದಂಡ ಕಾನೂನಿನಲ್ಲಿರಬೇಕು, ಕೊಟ್ಟವರಿಗೂ ತೆಗೆದುಕೊಂಡವರಿಗೂ.

ಆಂಟಿಬಯಾಟಿಕ್ ಬಗ್ಗೆ ಎರಡೇ ಮಾತು. ನೆಗಡಿ, ಗಂಟಲುನೋವಿಗೆ ಅಜಿತ್ರೊಮೈಸಿನ್ ಬರೆದು ಕಳಿಸುವುದರಲ್ಲಿ ದೊಡ್ಡ ಲಾಭವೇನಿಲ್ಲ, ಇರುವುದು ಸಮಯದ ಉಳಿತಾಯ. ವೈರಸ್ಸಿನ ಜ್ವರ ತಾನಾಗಿ ಇಳಿಯುತ್ತದೆ ಎಂದು ತಾಯಿಗೆ ತಿಳಿಹೇಳಲು ಹತ್ತು ನಿಮಿಷ ಬೇಕು, ಮಾತ್ರೆ ಬರೆಯಲು ಅರ್ಧ ನಿಮಿಷ ಸಾಕು. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಎಚ್1 ಪಟ್ಟಿ 2014ರಿಂದ ಜಾರಿಯಲ್ಲಿದ್ದರೂ ಅಂಗಡಿಯಲ್ಲಿ ಚೀಟಿಯಿಲ್ಲದೆ ಔಷಧ ಸಿಗುತ್ತದೆ. ಅದರ ಬೆಲೆಯನ್ನು ಐಸಿಯುನಲ್ಲಿ ಕೆಲಸ ಮಾಡುವ ನಮ್ಮ ಸಹೋದ್ಯೋಗಿಗಳು ನೋಡುತ್ತಿದ್ದಾರೆ. ಕೊನೆಯ ಅಸ್ತ್ರವಾದ ಕೊಲಿಸ್ಟಿನ್‌ಗೂ ಬಗ್ಗದ ಬ್ಯಾಕ್ಟೀರಿಯಾಗಳು ಅಲ್ಲಿವೆ.

ಭಯದ ವ್ಯಾಪಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮಳೆಗಾಲ ಬಂತೆಂದರೆ ಡೆಂಗಿ, ಡೆಂಗಿ ಬಂತೆಂದರೆ ಪ್ಲೇಟ್‌ಲೆಟ್. ಡೆಂಗಿಯಲ್ಲಿ ಪ್ರಾಣ ತೆಗೆಯುವುದು ಪ್ಲೇಟ್‌ಲೆಟ್ ಸಂಖ್ಯೆಯಲ್ಲ. ಜ್ವರ ಇಳಿಯುವ ಹೊತ್ತಿಗೆ, ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದ ನಡುವೆ, ರಕ್ತನಾಳಗಳಿಂದ ದ್ರವ ಸೋರಿ ರಕ್ತ ಗಟ್ಟಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ನೋಡಬೇಕಾದದ್ದು ಹಿಮಾಟೊಕ್ರಿಟ್, ನಾಡಿ, ಮೂತ್ರದ ಪ್ರಮಾಣ, ಹೊಟ್ಟೆನೋವು, ನಿಲ್ಲದ ವಾಂತಿ. ಕೊಡಬೇಕಾದದ್ದು ಅಳತೆಯರಿತ ದ್ರವ. ರಕ್ತಸ್ರಾವವಿಲ್ಲದವರಿಗೆ ಸಂಖ್ಯೆ ಹತ್ತು ಸಾವಿರಕ್ಕಿಂತ ಕೆಳಗೆ ಇಳಿಯುವವರೆಗೆ ಪ್ಲೇಟ್‌ಲೆಟ್ ಏರಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಆದರೆ ಮನೆಯವರಿಗೆ ಅರ್ಥವಾಗುವುದು ಸಂಖ್ಯೆ. ಅರವತ್ತು ಸಾವಿರ ಎಂದ ಕೂಡಲೇ ಅಡ್ಮಿಟ್ ಮಾಡಿಕೊಳ್ಳಿ ಎನ್ನುತ್ತಾರೆ. ಹಾಸಿಗೆ ಖಾಲಿಯಿರುವ ಆಸ್ಪತ್ರೆ ಬೇಡ ಎನ್ನುವುದಿಲ್ಲ. 2024ರ ಜುಲೈನಲ್ಲಿ ರಾಜ್ಯ ಸರ್ಕಾರ ಡೆಂಗಿ ಪರೀಕ್ಷೆಗೆ ಗರಿಷ್ಠ ದರ ನಿಗದಿ ಮಾಡಿತು. ಎನ್‌ಎಸ್1ಗೆ 300 ರೂಪಾಯಿ, ಐಜಿಎಂಗೆ 300, ರ‍್ಯಾಪಿಡ್ ಕಾರ್ಡಿಗೆ 250. ಒಳ್ಳೆಯ ಕೆಲಸ. ಪರೀಕ್ಷೆಯ ದರಕ್ಕೆ ಮಿತಿ ಹಾಕಬಹುದು, ಭಯಕ್ಕೆ ಮಿತಿ ಹಾಕಬೇಕಾದವನು ಮಾತ್ರ ವೈದ್ಯನೇ.

2025ರ ಮೇ, ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ಯುವಕರು ಹೃದಯಾಘಾತದಿಂದ ಸಾಯುತ್ತಿದ್ದಾರೆಂಬ ಸುದ್ದಿ ದಿನವೂ ಬಂತು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ನಸುಕಿನಿಂದಲೇ ಸಾಲು ನಿಂತಿತು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಪ್ರತಿ ಸಾವನ್ನೂ ಪರಿಶೀಲಿಸಿ, ಹೃದಯದ ಸಾವುಗಳಲ್ಲಿ ಅಸಹಜ ಏರಿಕೆಯಿಲ್ಲ ಎಂದು ವರದಿ ಕೊಟ್ಟಿತು. ಸತ್ತವರಲ್ಲಿ ಹಲವರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಬೊಜ್ಜು, ಮನೆತನದ ಹೃದ್ರೋಗದಂಥ ಹಳೆಯ ಕಾರಣಗಳೇ ಇದ್ದವು. ಆ ವಾರಗಳಲ್ಲಿ ಇಪ್ಪತ್ತೈದರ ಆರೋಗ್ಯವಂತ ಹುಡುಗನಿಗೂ ಇಸಿಜಿ, ಎಕೋ, ಟಿಎಂಟಿ ಸೇರಿಸಿ ಪ್ಯಾಕೇಜು ಮಾರುವುದು ಬಲು ಸುಲಭವಿತ್ತು. ನಿನಗೆ ಇದ್ಯಾವುದೂ ಬೇಡಪ್ಪ, ಬೀಡಿ ಬಿಡು, ವರ್ಷಕ್ಕೊಮ್ಮೆ ಬಿ.ಪಿ. ನೋಡಿಸು ಎಂದು ಹೇಳಿ ಕಳಿಸಿದ ವೈದ್ಯರೂ ಇದ್ದರು. ಅಂಥವರ ಆ ದಿನದ ಸಂಪಾದನೆ ಕಡಿಮೆಯಾಯಿತು. ಶಾಸ್ತ್ರಕ್ಕೆ ಸರಿಯಾಗಿ ನಡೆದವನು ನಷ್ಟ ಅನುಭವಿಸಬೇಕಾದ ಈ ಏರ್ಪಾಡನ್ನು ನಾವು ಸಹಜವೆಂದು ಒಪ್ಪಿಕೊಂಡುಬಿಟ್ಟಿದ್ದೇವೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ. ಇವರಿಗೆ ಬೇಕಾದದ್ದು ಬಹುಮಟ್ಟಿಗೆ ಮಾತು, ಮತ್ತೆ ಮತ್ತೆ ಮಾತು. ಊಟ, ನಡಿಗೆ, ಕಾಲಿನ ಆರೈಕೆ, ಕಣ್ಣಿನ ತಪಾಸಣೆ. ನಮ್ಮ ವ್ಯವಸ್ಥೆಯಲ್ಲಿ ಬೆಲೆಯೇ ಇಲ್ಲದ ಸರಕೆಂದರೆ ವೈದ್ಯನ ಮಾತು.

ವೈದ್ಯರ ಕಡೆಯ ನ್ಯಾಯವಾದ ದೂರುಗಳನ್ನೂ ಹೇಳಲೇಬೇಕು. 2017ರ ನವೆಂಬರಿನಲ್ಲಿ ಖಾಸಗಿ ಆಸ್ಪತ್ರೆಗಳ ಕಾಯ್ದೆಯ ತಿದ್ದುಪಡಿಯನ್ನು ವಿರೋಧಿಸಿ ರಾಜ್ಯದಾದ್ಯಂತ ವೈದ್ಯರು ಮುಷ್ಕರ ಹೂಡಿದರು. ಬೆಳಗಾವಿಯಲ್ಲಿ ಅಧಿವೇಶನ ನಡೆಯುತ್ತಿತ್ತು, ಇತ್ತ ರೋಗಿಗಳು ಬಾಗಿಲು ಹಾಕಿದ ಆಸ್ಪತ್ರೆಗಳ ಮುಂದೆ ನಿಂತಿದ್ದರು. ಮಸೂದೆಯ ಕಠಿಣ ಅಂಶಗಳು ಸಡಿಲವಾದವು. ಮುಷ್ಕರದ ಆ ದಾರಿಯನ್ನು ನಾನು ಒಪ್ಪುವುದಿಲ್ಲ. ಆದರೆ ಸರ್ಕಾರಿ ಆರೋಗ್ಯ ಯೋಜನೆಗಳ ಪ್ಯಾಕೇಜು ದರಗಳು ನಿಜವಾದ ಖರ್ಚಿಗೆ ಸಾಲುವುದಿಲ್ಲ, ಬಾಕಿ ಹಣ ತಿಂಗಳುಗಟ್ಟಲೆ ಬರುವುದಿಲ್ಲ ಎಂಬ ಸಣ್ಣ ಆಸ್ಪತ್ರೆಗಳ ಗೋಳು ಸುಳ್ಳಲ್ಲ. ಸಹಕಾರಿ ರೈತರಿಗಾಗಿ ಬಂದ ಯಶಸ್ವಿನಿಯಿಂದ ಹಿಡಿದು ಇವತ್ತಿನ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದವರೆಗೆ ಯೋಜನೆಗಳಿಂದ ಲಕ್ಷಾಂತರ ಕುಟುಂಬಗಳು ಉಳಿದಿವೆ. ಆರೋಗ್ಯದ ಒಟ್ಟು ವೆಚ್ಚದಲ್ಲಿ ಜನ ಜೇಬಿನಿಂದ ತೆರುವ ಪಾಲು 2013–14ರಲ್ಲಿ ಶೇ. 64.2 ಇದ್ದದ್ದು 2021–22ಕ್ಕೆ ಶೇ. 39.4ಕ್ಕೆ ಇಳಿದಿದೆ. ದರ ಸಾಲದಿದ್ದಾಗ ಸಣ್ಣ ಆಸ್ಪತ್ರೆ ಎರಡರಲ್ಲಿ ಒಂದು ಮಾಡುತ್ತದೆ, ಯೋಜನೆಯಿಂದ ಹೊರಬರುತ್ತದೆ ಅಥವಾ ಸಂಖ್ಯೆ ಹೆಚ್ಚಿಸುತ್ತದೆ. ಎರಡನೆಯದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಕಲಬುರಗಿಯಲ್ಲಿ ನೋಡಿದೆವು.

ಸ್ಕ್ಯಾನಿಂಗ್ ಮಾಡುವ ವೈದ್ಯರ ಸಂಕಟವೂ ಇದೆ. ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ ಎಫ್ ನಮೂನೆಯಲ್ಲಿ ಒಂದು ಕಾಲಂ ತುಂಬದಿದ್ದರೂ ಅಪರಾಧ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕಟ್ಟುನಿಟ್ಟಾಗಿ ದಾಖಲೆ ಇಡುವವರು ಸಣ್ಣ ತಪ್ಪಿಗೆ ಕೋರ್ಟು ಅಲೆಯುತ್ತಾರೆ. 2023ರಲ್ಲಿ ಮಂಡ್ಯದ ಬಳಿಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೆಣ್ಣುಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಮಾತ್ರ ಪೊಲೀಸರ ಕೈಗೆ ಬಿದ್ದದ್ದು ಬೆಂಗಳೂರಿನಲ್ಲಿ. ಆಲೆಮನೆಯಲ್ಲಿ ಎಫ್ ನಮೂನೆಯನ್ನು ಯಾರು ತುಂಬಿಸಿಕೊಳ್ಳುತ್ತಾರೆ? ಆದರೂ ಈ ಕಾಯ್ದೆಯನ್ನು ಸಡಿಲಿಸಿ ಎಂದು ನಾನು ಕೇಳಲಾರೆ. ಆಲೆಮನೆಯವರೆಗೆ ಹೋಗುವ ಕಣ್ಣು ಬೇಕು ಎಂದಷ್ಟೇ ಕೇಳುತ್ತೇನೆ.

2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ ಕರ್ತವ್ಯದಲ್ಲಿದ್ದ ತರುಣ ವೈದ್ಯೆಯ ಮೇಲೆ ಅತ್ಯಾಚಾರವಾಗಿ ಕೊಲೆಯಾಯಿತು. ಅದಾದ ಮೇಲೆ ರಾತ್ರಿ ಪಾಳಿಗೆ ಮಗಳನ್ನು ಕಳಿಸುವ ಪ್ರತಿ ತಂದೆತಾಯಿಯ ಎದೆಯಲ್ಲೂ ಅಳುಕು ಕೂತಿದೆ. ವೈದ್ಯರ ಮೇಲಿನ ಹಲ್ಲೆ ತಡೆಯಲು ನಮ್ಮ ರಾಜ್ಯದಲ್ಲಿ 2009ರಿಂದ ಕಾಯ್ದೆಯಿದೆ. ರೋಗಿ ಸತ್ತಾಗ ಕಿಟಕಿ ಗಾಜು ಒಡೆಯುವ ಗುಂಪಿಗೆ ಯಾವ ಸಮರ್ಥನೆಯೂ ಇಲ್ಲ. ಹಾಗಿದ್ದೂ ಬಿಲ್ಲಿನ ಬಗ್ಗೆ ಹುಟ್ಟಿದ ಅನುಮಾನ ಸಾವಿನ ದುಃಖದ ಜೊತೆ ಸೇರಿದಾಗ ಕಿಡಿ ಹೊತ್ತಿಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. ಲೆಕ್ಕ ತೆರೆದಿಟ್ಟ ಆಸ್ಪತ್ರೆಯಲ್ಲಿ, ಮೊದಲ ದಿನದಿಂದ ಮನೆಯವರ ಜೊತೆ ಕೂತು ಮಾತಾಡಿದ ವೈದ್ಯನ ಮುಂದೆ, ಅಂಥ ಗುಂಪು ಕಟ್ಟುವುದು ಕಡಿಮೆ.

ಐಸಿಯು ಬಾಗಿಲಲ್ಲಿ ನಡೆಯುವ ಮಾತುಕತೆಗೆ ನಮ್ಮಲ್ಲಿ ಯಾರಿಗೂ ತರಬೇತಿ ಸಿಕ್ಕಿಲ್ಲ. ಎಂಬತ್ತೆರಡರ ಮುದುಕರು, ಹರಡಿದ ಕ್ಯಾನ್ಸರ್, ವೆಂಟಿಲೇಟರ್. ಮಕ್ಕಳು ಕೇಳುತ್ತಾರೆ: ಡಾಕ್ಟ್ರೇ, ನಿಮ್ಮ ತಂದೆಯಾಗಿದ್ದರೆ ಏನು ಮಾಡ್ತಿದ್ರಿ? ಉತ್ತರ ನಮಗೆ ಗೊತ್ತಿರುತ್ತದೆ. ಹೇಳಿದರೆ ಕಾನೂನು ಏನೆನ್ನುತ್ತದೋ ಎಂಬ ಹೆದರಿಕೆ ಒಂದು ಕಡೆ, ದಿನದಿನದ ಐಸಿಯು ಬಿಲ್ಲು ಇನ್ನೊಂದು ಕಡೆ. 2018ರಲ್ಲಿ ಕಾಮನ್ ಕಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಘನತೆಯಿಂದ ಸಾಯುವ ಹಕ್ಕನ್ನು ಒಪ್ಪಿತು. ಫಲವಿಲ್ಲದ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸುವ ವಿಧಾನ 2023ರ ಜನವರಿಯಲ್ಲಿ ಸರಳವಾಯಿತು. ಆಸ್ಪತ್ರೆಯ ಮೊದಲ ಮಂಡಳಿಯಲ್ಲಿ ಚಿಕಿತ್ಸೆ ನೀಡುತ್ತಿರುವ ವೈದ್ಯರು ಮತ್ತು ಇಬ್ಬರು ತಜ್ಞರು ಇರುತ್ತಾರೆ. ಎರಡನೆಯ ಮಂಡಳಿಯಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರೊಬ್ಬರು ಮತ್ತು ಬೇರೆ ಇಬ್ಬರು ತಜ್ಞರು. ಆದಷ್ಟು 48 ಗಂಟೆಯೊಳಗೆ ಅಭಿಪ್ರಾಯ, ಮನೆಯವರ ಒಪ್ಪಿಗೆ, ಮ್ಯಾಜಿಸ್ಟ್ರೇಟರಿಗೆ ಮಾಹಿತಿ. 2025ರ ಜನವರಿ ಕೊನೆಯಲ್ಲಿ ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ದೇಶದಲ್ಲಿ ಈ ಹೆಜ್ಜೆ ಇಟ್ಟ ಮೊದಲ ಕೆಲವು ರಾಜ್ಯಗಳಲ್ಲಿ ನಮ್ಮದೂ ಒಂದು ಎಂಬುದು ನನಗೆ ಹೆಮ್ಮೆ. ಆರೋಗ್ಯವಾಗಿರುವಾಗಲೇ ತನ್ನ ಇಚ್ಛೆಯನ್ನು ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬಹುದು. ಈ ಸಭೆಯಲ್ಲಿರುವ ಹಿರಿಯರು ದಯವಿಟ್ಟು ಇದನ್ನು ಮಾಡಿಡಿ, ಮಕ್ಕಳ ತಲೆಯ ಮೇಲೆ ಆ ಭಾರ ಹೊರಿಸಬೇಡಿ. ವೈದ್ಯರಿಗೆ ನನ್ನ ಮಾತು ಬೇರೆ. ವೆಂಟಿಲೇಟರ್ ತೆಗೆಯುವುದು ಆರೈಕೆ ನಿಲ್ಲಿಸುವುದಲ್ಲ. ನೋವಿಗೆ ಮಾರ್ಫಿನ್, ಉಸಿರಿನ ಕಷ್ಟಕ್ಕೆ ಉಪಶಮನ, ಪಕ್ಕದಲ್ಲಿ ಕೂರಲು ಮಗನಿಗೆ ಅವಕಾಶ, ಇವೆಲ್ಲವೂ ಚಿಕಿತ್ಸೆಯೇ. ಇದಕ್ಕೆ ಪ್ಯಾಕೇಜು ದರವಿಲ್ಲ ಎಂಬ ಕಾರಣಕ್ಕೆ ಇದು ನಡೆಯದೆ ಉಳಿಯಬಾರದು.

ಇಂಥ ಉಪನ್ಯಾಸಗಳಲ್ಲಿ ಆದರ್ಶ ವೈದ್ಯರ ಹೆಸರು ಹೇಳಿ ಮುಗಿಸುವುದುಂಟು. ಮಂಡ್ಯದಲ್ಲಿ ಐದು ರೂಪಾಯಿ ಪಡೆದು ಚರ್ಮರೋಗ ನೋಡಿದ ಡಾ. ಶಂಕರೇಗೌಡರು, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಡಾ. ಎಚ್. ಸುದರ್ಶನ್. ಅವರಿಗೆ ನನ್ನ ನಮಸ್ಕಾರ. ಆದರೆ ಅವರನ್ನು ತೋರಿಸಿ ಉಳಿದವರನ್ನು ನಾಚಿಸುವುದರಿಂದ ಏನೂ ಬದಲಾಗುವುದಿಲ್ಲ. ಸಾವಿರಾರು ಸಾಮಾನ್ಯ ವೈದ್ಯರು ತ್ಯಾಗಿಗಳಾಗದೆಯೇ ಪ್ರಾಮಾಣಿಕರಾಗಿ ಬದುಕಲು ಸಾಧ್ಯವಾಗಬೇಕು. ಅಂಥ ಏರ್ಪಾಡು ಕಟ್ಟುವುದು ನಮ್ಮ ಕೆಲಸ.

ನಮ್ಮ ಊರಿನ ವೈದ್ಯರ ಸಂಘದ ಪದಾಧಿಕಾರಿಗಳು ಮುಂದಿನ ಸಾಲಿನಲ್ಲಿದ್ದೀರಿ. ಸರ್ಕಾರಕ್ಕೆ ಮನವಿ ಕೊಡುವ ಮೊದಲು ನಮ್ಮ ಕೈಯಲ್ಲಿರುವುದನ್ನು ಮಾಡೋಣ. ಊರಿನ ಎಲ್ಲ ಲ್ಯಾಬು, ಸ್ಕ್ಯಾನಿಂಗ್ ಸೆಂಟರುಗಳ ಜೊತೆ ಒಟ್ಟಾಗಿ ಕೂತು, ಕಟ್ ನಿಲ್ಲಿಸಿ ಆ ಮೊತ್ತವನ್ನು ರೋಗಿಯ ದರದಲ್ಲೇ ಇಳಿಸುವಂತೆ ಒಪ್ಪಂದ ಮಾಡಿಕೊಳ್ಳೋಣ. ನಲವತ್ತೈದರ ಒಳಗಿನ ಯಾವ ಹೆಣ್ಣುಮಗಳ ಗರ್ಭಕೋಶವನ್ನೂ, ತುರ್ತು ಇಲ್ಲದಿದ್ದರೆ, ಆ ಆಸ್ಪತ್ರೆಗೆ ಸಂಬಂಧವಿಲ್ಲದ ಇನ್ನೊಬ್ಬ ತಜ್ಞರು ನೋಡಿ ಸಹಿ ಮಾಡದೆ ತೆಗೆಯುವುದಿಲ್ಲ ಎಂದು ನಾವೇ ನಿಯಮ ಹಾಕಿಕೊಳ್ಳೋಣ. ಆಪರೇಷನ್ ಯಾಕೆ ಬೇಕು, ಮಾಡದಿದ್ದರೆ ಏನಾಗುತ್ತದೆ, ಬೇರೆ ದಾರಿ ಯಾವುದಿದೆ ಎಂಬುದನ್ನು ಕನ್ನಡದಲ್ಲಿ ಬರೆದು ರೋಗಿಯ ಕೈಗೆ ಕೊಡೋಣ. ಕನ್ಸಲ್ಟೇಷನ್ ಫೀಸು ಹೆಚ್ಚಾದರೂ ಚಿಂತೆಯಿಲ್ಲ. ಅದೊಂದೇ ನಮ್ಮ ಸಂಪಾದನೆಯಾಗಲಿ, ಅದು ಬೋರ್ಡಿನ ಮೇಲೆ ಎಲ್ಲರಿಗೂ ಕಾಣಲಿ. ನಾಗರಿಕರಲ್ಲೂ ಒಂದು ಬೇಡಿಕೆ: ಇಂಜೆಕ್ಷನ್ ಕೊಡದೆ, ಗ್ಲೂಕೋಸ್ ಹಾಕದೆ, ಬರೀ ಮಾತಾಡಿ ಕಳಿಸಿದ ವೈದ್ಯನಿಗೆ ಫೀಸು ಕೊಡುವಾಗ ಗೊಣಗಬೇಡಿ. ಆತ ನಿಮಗೆ ಕೊಟ್ಟದ್ದು ತನ್ನ ಸಮಯ ಮತ್ತು ವಿದ್ಯೆ.

ವಿದ್ಯಾರ್ಥಿಗಳೇ, ನೀವು ಮೊದಲ ಕೆಲಸಕ್ಕೆ ಸೇರುವ ದಿನ ನಿಮ್ಮ ಮುಂದೆ ಒಪ್ಪಂದದ ಕಾಗದ ಬರುತ್ತದೆ. ಸಂಬಳ ಎಷ್ಟು ಎಂಬುದರ ಜೊತೆಗೆ, ಆ ಸಂಬಳ ಯಾವುದರ ಮೇಲೆ ಏರಿಳಿಯುತ್ತದೆ ಎಂಬ ಸಾಲನ್ನು ಹುಡುಕಿ ಓದಿ. ಆಪರೇಷನ್, ಅಡ್ಮಿಷನ್‌ಗಳ ಸಂಖ್ಯೆಯ ಮೇಲೆ ಏರಿಳಿಯುವುದಾದರೆ ಆ ಸಾಲನ್ನು ತೆಗೆಯಲು ಕೇಳಿ. ಒಬ್ಬರು ಕೇಳಿದರೆ ತೆಗೆಯುವುದಿಲ್ಲ. ನಿಮ್ಮ ಬ್ಯಾಚಿನವರೆಲ್ಲ ಕೇಳಿದರೆ ತೆಗೆಯಲೇಬೇಕಾಗುತ್ತದೆ. ದಯವಿಟ್ಟು ಎಲ್ಲರೂ ಸೇರಿ ಕೇಳಿ.